ಗೂಗಲ್ ಆ್ಯಡ್ಸ್‌ನಲ್ಲಿ ದುಡ್ಡು ಎಲ್ಲಿ ಸೋರುತ್ತದೆ?

ಸಣ್ಣ ವ್ಯಾಪಾರ ಮಾಡುವವರು ಸರ್ಚ್ ಜಾಹೀರಾತು (ಗೂಗಲ್‌ನಲ್ಲಿ ಹುಡುಕಿದಾಗ ಫಲಿತಾಂಶಗಳ ಜೊತೆ ಕಾಣಿಸುವ ಜಾಹೀರಾತು) ಶುರು ಮಾಡುವ ಮುಂಚೆ ಇದನ್ನು ಓದಿ. ಜಾಹೀರಾತು ಸುಮ್ನೆ ಕಾಣಿಸಿದರೆ ದುಡ್ಡಿಲ್ಲ, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಕಟ್ ಆಗುತ್ತದೆ. ಪ್ರತಿ ಹುಡುಕಾಟಕ್ಕೂ ಆ ಕ್ಷಣದಲ್ಲೇ ಜಾಹೀರಾತಿನ ಜಾಗಕ್ಕೆ ಒಂದು ಹರಾಜು ನಡೆಯುತ್ತದೆ. ಜಾಸ್ತಿ ಕೂಗಿದವರೇ ಮೇಲೆ ಬರುತ್ತಾರೆ ಅಂತೇನಿಲ್ಲ. ಹುಡುಕಿದ ಮಾತಿಗೆ ನಿಮ್ಮ ಜಾಹೀರಾತು, ಕ್ಲಿಕ್ ಮಾಡಿದಾಗ ತೆರೆಯುವ ನಿಮ್ಮ ವೆಬ್ ಪುಟ ಎಷ್ಟು ಹೊಂದುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ದುಡ್ಡು ಸೋರುವುದು ಕೀವರ್ಡ್‌ನಲ್ಲಿ, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕು ಅಂತ ನೀವು ಕೊಡುವ ಪದಗಳಲ್ಲಿ. ಮೈಸೂರಿನಲ್ಲಿ ಹೋಳಿಗೆ ಮಾರುವವರು ಬರೀ ‘ಹೋಳಿಗೆ’ ಅಂತ ಬ್ರಾಡ್ ಮ್ಯಾಚ್‌ನಲ್ಲಿ (ಆ ಪದಕ್ಕೆ ಸಂಬಂಧಪಟ್ಟ ಬೇರೆ ಹುಡುಕಾಟಗಳಿಗೂ ತೋರಿಸುವ ಆಯ್ಕೆ) ಹಾಕಿದರೆ, ‘ಹೋಳಿಗೆ ಮಾಡುವುದು ಹೇಗೆ’ ಅಂತ ಹುಡುಕುವವರಿಗೂ ಅದು ಕಾಣಿಸಬಹುದು. ಅವರು ಕ್ಲಿಕ್ ಮಾಡುತ್ತಾರೆ, ಆದರೆ ಕೊಳ್ಳುವುದಿಲ್ಲ ಅಲ್ವಾ? ಜನ ಏನಂತ ಹುಡುಕಿದಾಗ ನಿಮ್ಮ ಜಾಹೀರಾತು ಬಂತು ಅಂತ ತೋರಿಸುವ ‘ಸರ್ಚ್ ಟರ್ಮ್ಸ್’ ವರದಿಯನ್ನು ವಾರಕ್ಕೊಮ್ಮೆಯಾದರೂ ತೆಗೆದು ನೋಡಿ. ‘ರೆಸಿಪಿ’, ‘ಮಾಡುವ ವಿಧಾನ’ ಇಂಥವನ್ನೆಲ್ಲ ನೆಗೆಟಿವ್ ಕೀವರ್ಡ್‌ಗೆ (ಈ ಪದಗಳಿದ್ದರೆ ಜಾಹೀರಾತು ಬೇಡ ಅನ್ನುವ ಪಟ್ಟಿ) ಸೇರಿಸಿ. ನನ್ನ ಪ್ರಕಾರ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ.

ಜಾಹೀರಾತು ಯಾವ ಊರಿನವರಿಗೆ ಕಾಣಬೇಕು ಅಂತ ಹೇಳುವ ಲೊಕೇಶನ್ ಆಪ್ಷನ್ಸ್‌ನಲ್ಲಿ ‘ಪ್ರೆಸೆನ್ಸ್’ (ಆ ಊರಿನಲ್ಲಿ ಇರುವವರಿಗೆ ಮಾತ್ರ) ಆರಿಸಿ. ಇಲ್ಲದಿದ್ದರೆ ಮೈಸೂರಿನ ಬಗ್ಗೆ ಆಸಕ್ತಿ ತೋರಿದ ಬೇರೆ ಊರಿನವರಿಗೂ ತೋರಿಸುತ್ತದೆ.

ದಿನಕ್ಕೆ 300 ರೂಪಾಯಿ ಬಜೆಟ್ ಇಟ್ಟಿದ್ದರೂ ಒಂದೊಂದು ದಿನ 600ರವರೆಗೆ ಖರ್ಚಾಗಬಹುದು, ಗಾಬರಿ ಬೇಡ. ಬಜೆಟ್ ಬದಲಿಸದಿದ್ದರೆ ತಿಂಗಳಿಗೆ ಅದರ 30.4 ಪಟ್ಟು, ಅಂದರೆ 9,120 ದಾಟುವುದಿಲ್ಲ. ಜಿಎಸ್‌ಟಿ ಬೇರೆ.