ದಾರ, ಗುಂಡು, ಸ್ಟಾಪ್‌ವಾಚ್ ಸಾಕು: ಜಿ ಅಳೆದ ನನ್ನ ಅನುಭವ

ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟ ಸರಳ ಲೋಲಕದಿಂದಲೇ ಜಿ (ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಹೆಚ್ಚುವ ದರ) ಬೆಲೆಯನ್ನು ಶೇಕಡಾ ಅರ್ಧದ ತಪ್ಪಿನೊಳಗೆ ಹಿಡಿಯುತ್ತೇನೆ ಅಂದಾಗ ಲ್ಯಾಬಿನಲ್ಲಿ ನಕ್ಕವರೇ ಹೆಚ್ಚು. ‘ಬಟನ್ ಒತ್ತೋದ್ರಲ್ಲೇ 0.2 ಸೆಕೆಂಡ್ ಹೋಗುತ್ತೆ, ಸುಮ್ನೆ ಫೋಟೋಗೇಟ್ ತಗೊಳ್ಳಿ’ ಅಂದರು. ಗುಂಡು ಬೆಳಕಿನ ಕಿರಣವನ್ನು ಕತ್ತರಿಸಿದ ಕ್ಷಣವನ್ನು ತಾನೇ ಗುರುತಿಸುವ ಆ ಸಾಧನವನ್ನು ತಗೊಂಡೆ. ಕೂಡಿಟ್ಟ ದುಡ್ಡು ಅಲ್ಲಿಗೆ ಖಾಲಿ.

ಫೋಟೋಗೇಟ್ ಮಿಲಿಸೆಕೆಂಡಿನ ಮಟ್ಟಕ್ಕೆ ಒಂದೇ ರೀಡಿಂಗ್ ಮತ್ತೆ ಮತ್ತೆ ಕೊಟ್ಟಿತು. ಪ್ರಿಸಿಷನ್ನಿಗೆ ಕೊರತೆಯಿಲ್ಲ. 9.8ರ ಆಸುಪಾಸು ಬರಬೇಕಾದ ಜಿ ಮಾತ್ರ 9.6ರ ಹತ್ತಿರ ಕೂತುಬಿಟ್ಟಿತ್ತು, ಎಷ್ಟು ಸಲ ಮಾಡಿದರೂ ಮೇಲೇಳಲಿಲ್ಲ. ರೋಗ ಇದ್ದದ್ದು ದಾರದಲ್ಲಿ. ಹತ್ತಿ ದಾರ ಗುಂಡಿನ ಭಾರಕ್ಕೆ ಹಿಗ್ಗುತ್ತಿತ್ತು, ಉದ್ದ ಅಳೆದದ್ದು ಗುಂಡು ಕಟ್ಟುವ ಮೊದಲು. ಸರಾಸರಿ ತೆಗೆದರೆ ರ್‍ಯಾಂಡಮ್ ಎರರ್ (ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ ಆಗುವ ತಪ್ಪು) ಕುಗ್ಗುತ್ತದೆ. ಪ್ರತಿ ಸಲವೂ ಒಂದೇ ಕಡೆಗೆ ವಾಲುವ ಇಂಥ ಸಿಸ್ಟಮ್ಯಾಟಿಕ್ ಎರರ್ ಮಿಸುಕಾಡುವುದಿಲ್ಲ.

ಗೇಟನ್ನು ಪೆಟ್ಟಿಗೆಗೆ ಹಾಕಿ ಮತ್ತೆ ಸ್ಟಾಪ್‌ವಾಚ್ ಹಿಡಿದೆ. ಅದರ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆ) 0.01 ಸೆಕೆಂಡ್ ಅಂತ ಬೀಗುವುದು ಬೇಡ, ಕೈಯ ತಡವೇ ಅದರ ಇಪ್ಪತ್ತು ಪಟ್ಟು. ಆದರೆ ಶುರುವಿನಲ್ಲೂ ಕೊನೆಯಲ್ಲೂ ಕೈ ತಡಮಾಡುವುದರಿಂದ ಬಹುಪಾಲು ವಜಾ ಆಗಿಹೋಗುತ್ತದೆ. ಮಿಕ್ಕಿದ್ದನ್ನು 50 ಆಂದೋಲನಗಳಿಗೆ ಹಂಚಿದೆ. ಎಣಿಕೆ ಗುಂಡು ಅತಿ ವೇಗವಾಗಿ ಹಾಯುವ ನಡುಬಿಂದುವಿನಲ್ಲಿ. ತುದಿಯಲ್ಲಿ ಎಣಿಸುವವರು ಇನ್ನೂ ಇದ್ದಾರೆ, ಗುಂಡು ಅಲ್ಲಿ ಯಾವಾಗ ನಿಂತಿತೆಂದು ಅವರಿಗೆ ಹೇಗೆ ಗೊತ್ತಾಗುತ್ತದೋ!

ದಾರದ ಬದಲು ಮೀನು ಹಿಡಿಯುವ ನೈಲಾನ್ ಎಳೆ ಹಾಕಿದೆ. ಅದೂ ಸ್ವಲ್ಪ ಹಿಗ್ಗುತ್ತದೆ, ಅದಕ್ಕೇ ಗುಂಡು ತೂಗುತ್ತಿರುವಾಗಲೇ ಪ್ರತಿ ಸಲ ಉದ್ದ ಅಳೆದೆ. ಸುಮಾರು 40ರಿಂದ 120 ಸೆಂ.ಮೀ. ತನಕ ಬದಲಿಸಿ, ಉದ್ದಕ್ಕೆ ಎದುರಾಗಿ ಅವಧಿಯ (ಒಂದು ಆಂದೋಲನಕ್ಕೆ ಹಿಡಿಯುವ ಸಮಯ) ವರ್ಗದ ಗ್ರಾಫ್ ಎಳೆದೆ. ಗೆರೆ ಮೂಲಬಿಂದುವಿನಲ್ಲಿ ಹಾಯಲಿಲ್ಲ. ನೋಡಿದವರು ‘ಪ್ರಯೋಗ ಕೆಟ್ಟಿತು’ ಅಂದರು, ನನಗೆ ಖುಷಿಯಾಯಿತು. ಗುಂಡಿನ ಕೇಂದ್ರ, ಎಳೆಯನ್ನು ಮೇಲೆ ಹಿಡಿದ ಬಿರಡೆಯ ಸೀಳಿನಲ್ಲಿ ಅದು ಬಾಗುವ ಜಾಗ, ಈ ಎರಡೂ ಕಡೆಯ ತಪ್ಪು ಎಲ್ಲ ಉದ್ದಗಳಿಗೂ ಒಂದೇ. ಅದೆಲ್ಲ ಗೆರೆ ಅಕ್ಷವನ್ನು ಕಡಿಯುವ ಜಾಗಕ್ಕೆ, ಅಂದರೆ ಇಂಟರ್‌ಸೆಪ್ಟಿಗೆ ಹೋಗುತ್ತದೆ, ಗೆರೆಯ ಇಳಿಜಾರು, ಅಂದರೆ ಸ್ಲೋಪ್ ಕೆಡುವುದಿಲ್ಲ. ಹಿಗ್ಗಿನ ಕಥೆ ಬೇರೆ. ಅದು ಉದ್ದದ ಜೊತೆಗೇ ಬೆಳೆಯುವುದರಿಂದ ಸ್ಲೋಪನ್ನೇ ಕೆಡಿಸುತ್ತದೆ, ಗ್ರಾಫ್ ಅದಕ್ಕೆ ಮದ್ದಲ್ಲ.

ಸ್ಲೋಪ್ 4.03ರ ಆಸುಪಾಸು ಬಂತು. ಸರಳ ಲೋಲಕದಲ್ಲಿ ಈ ಸ್ಲೋಪ್ ಅಂದರೆ 4π²/ಜಿ, ಅದಕ್ಕೇ 4π² ಅನ್ನು ಅದರಿಂದ ಭಾಗಿಸಿ ನೋಡಿ. ಕ್ಯಾಲ್ಕುಲೇಟರ್ ಉದ್ದಕ್ಕೆ ಅಂಕಿ ಸುರಿಯಿತು, ನಾನು ಬರೆದದ್ದು 9.80 ± 0.04 ಮೀ/ಸೆ². ಸ್ಟ್ಯಾಂಡ್ ಅಲುಗದಂತೆ, ಗುಂಡು ಸುತ್ತು ಹೊಡೆಯದಂತೆ ಮಾಡಿದ್ದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ, ಅಷ್ಟಾದರೂ ನನ್ನ ಬಳಿ ಇರಲಿ.

ನಡುವೆ ಇನ್ನೊಂದು ಚಪಲ: 20 ಡಿಗ್ರಿ ಎಳೆದು ಬಿಟ್ಟು ನೋಡಿದೆ. ಅವಧಿ ಚಿಕ್ಕ ತೂಗಾಟದ್ದಕ್ಕಿಂತ ಶೇಕಡಾ 0.8ರಷ್ಟು ಹೆಚ್ಚಬೇಕು, ಹೆಚ್ಚುಕಮ್ಮಿ ಅಷ್ಟೇ ಹೆಚ್ಚಿತು. 5 ಡಿಗ್ರಿಯಲ್ಲಿ ಆ ವ್ಯತ್ಯಾಸ ಶೇಕಡಾ 0.05 ಮಾತ್ರ, ನನ್ನ ಕೈಗೆ ಸಿಗುವಂಥದ್ದಲ್ಲ. ಅದಕ್ಕೆ ಮತ್ತೆ ಫೋಟೋಗೇಟೇ ಬೇಕು.