ಆಶ್ರಮದಲ್ಲಿ ನಿಮ್ಮವರಿಗೆ ಹಿಂಸೆ ಆಗುತ್ತಿದ್ದರೆ ದೂರು ಕೊಡುವುದು ಹೇಗೆ

ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಓಡಾಡುತ್ತೇನೆ. "ದೇವರ ವಿಷಯಕ್ಕೆ ಸರ್ಕಾರ ಯಾಕೆ ಕೈ ಹಾಕಬೇಕು ಅಕ್ಕ?" ಅಂತ ಕೇಳುತ್ತಾರೆ. ನಂಬಿಕೆಗೆ ಬೇಡ, ಹೊಡೆತಕ್ಕೆ ಹಾಕಲೇಬೇಕು. ಸಂವಿಧಾನದ 25ನೇ ವಿಧಿ ಕೊಡುವ ಧಾರ್ಮಿಕ ಸ್ವಾತಂತ್ರ್ಯವೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟಿದ್ದೇ.

ಮೊದಲು ಬರೆದಿಡಿ. "ಆ ಸ್ವಾಮಿ ಸರಿಯಿಲ್ಲ" ಅಂತ ಸುಮ್ನೆ ಬರೆದರೆ ಪೊಲೀಸರು ಏನು ಮಾಡಲಿಕ್ಕಾಗುತ್ತೆ? "ಅಮಾವಾಸ್ಯೆ ರಾತ್ರಿ ಮಗಳನ್ನು ಕಂಬಕ್ಕೆ ಕಟ್ಟಿ, ದೆವ್ವ ಬಿಡಿಸುತ್ತೇವೆಂದು ಬೆತ್ತದಿಂದ ಹೊಡೆದರು, ಎಡಗೈ ಊದಿದೆ" ಅಂತ ಬರೆಯಿರಿ. ತಾರೀಕು, ನೋಡಿದವರ ಹೆಸರು ಸೇರಿಸಿ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗಾಯಿತೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹಣ ಕೊಟ್ಟ ಫೋನ್‌ಪೇ ದಾಖಲೆ ಅಳಿಸಬೇಡಿ.

ದೆವ್ವ ಬಿಡಿಸಲು ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ದೂರಿನಲ್ಲಿ ಈ ಕಾಯ್ದೆಯ ಹೆಸರು ಹಾಕಿ. ಹಿಂಸೆಗೆ ಸಿಕ್ಕವರು ಮಕ್ಕಳಾಗಿದ್ದರೆ ತಡಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೆಂಗಸರಿಗೆ 181.

ಠಾಣೆಯಲ್ಲಿ "ನಮ್ಮ ವ್ಯಾಪ್ತಿ ಅಲ್ಲ" ಅಂದರೆ ಜೀರೋ ಎಫ್‌ಐಆರ್ ಕೇಳಿ, ಅಂದರೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಿಮ್ಮವರನ್ನು ಆಶ್ರಮದಲ್ಲಿ ಕೂಡಿಹಾಕಿದ್ದರೆ, ಹುಡುಕಿ ಕರೆತರಲು ಮ್ಯಾಜಿಸ್ಟ್ರೇಟ್ ಶೋಧನಾ ವಾರಂಟ್ ಕೊಡಬಹುದು. ಆದರೆ ವಯಸ್ಕರು ತಾವಾಗಿಯೇ ಅಲ್ಲಿದ್ದರೆ ಎಳೆದು ತರುವ ಹಾಗಿಲ್ಲ. ಅದು ಅವರ ಹಕ್ಕು, ಅಲ್ವಾ?

ವಕೀಲರಿಗೆ ದುಡ್ಡಿಲ್ಲವೆಂದು ಕೂರಬೇಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.