ಶೆಡ್ಡಿನಲ್ಲಿ ನಿಂತ ವಿಲ್ಲಿಸ್ ಜೀಪನ್ನು ಎಬ್ಬಿಸುವುದು ಹೇಗೆ

ಮೊದಲು ಒಂದು ಕೋಲು ತಗೊಳ್ಳಿ. ಸ್ಪ್ಯಾನರ್ ಆಮೇಲೆ. ವರ್ಷಗಟ್ಟಲೆ ನಿಂತ ಜೀಪಿನ ಬಾನೆಟ್ ಎತ್ತುವ ಮುಂಚೆ ಅದರ ಮೇಲೆ ನಾಲ್ಕು ಸಲ ಬಡಿದು, ಐದು ನಿಮಿಷ ದೂರ ನಿಲ್ಲಿ. ಒಳಗೆ ಇಲಿ ಇದ್ದರೆ ಓಡಿಹೋಗುತ್ತದೆ. ಇಲಿ ಇದ್ದ ಕಡೆ ಅದನ್ನು ಹುಡುಕಿಕೊಂಡು ಬಂದವರೂ ಇರುತ್ತಾರೆ. ನಮ್ಮ ಜೀಪಿನೊಳಗೆ ಬ್ಯಾಟರಿ ಇಡುವ ತಟ್ಟೆಯ ಮೇಲೆ ಒಂದು ಕೇರೆ ಹಾವು ಸುತ್ತಿಕೊಂಡು ಆರಾಮಾಗಿ ಮಲಗಿತ್ತು.

ನಮ್ಮದು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಜೀಪು ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಇರುವ ಮನೆ) ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತೇ ಇತ್ತು. ಮೇಲೆ ಖಾಲಿ ಗೊಬ್ಬರದ ಚೀಲ, ಹಳೇ ಗೋಣಿ, ಒಂದು ಮುರಿದ ಸ್ಪ್ರೇಯರ್. ಕೊಯ್ಲು ಮುಗಿದು ಹೂಮಳೆಗೆ ಕಾಯುತ್ತಾ ಕೂತಿದ್ದ ಮಾರ್ಚ್ ತಿಂಗಳಲ್ಲಿ ನಾನು ಅದಕ್ಕೆ ಕೈ ಹಾಕಿದೆ. ನಾನೇನು ಮೆಕ್ಯಾನಿಕ್ ಅಲ್ಲ. ಮಾಡಿದ ತಪ್ಪು ಜಾಸ್ತಿ, ಅದಕ್ಕೇ ಹೇಳುವುದೂ ಜಾಸ್ತಿ ಇದೆ.

ನಿಮ್ಮದು ಯಾವ ಜೀಪು?

ಅಪ್ಪಯ್ಯ ಯಾವಾಗಲೂ "ಇದು ಯುದ್ಧದ ಜೀಪು ಕಣೇ" ಅನ್ನುತ್ತಿದ್ದರು. ನಾನೂ ನಂಬಿದ್ದೆ. ಎಂಜಿನ್ ಆಯಿಲ್ ಇಳಿಸಿದಾಗ ನೀರು ಸೇರಿ ಮಜ್ಜಿಗೆಯ ಹಾಗಿತ್ತು, ಹೆಡ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬಿಚ್ಚಬೇಕು ಅಂದರು ರಿಪೇರಿ ಮಾಡುವ ಮೇಸ್ತ್ರಿ. ಹೆಡ್ಡಿನ ಕೆಳಗೆ ಸೋರದ ಹಾಗೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್, ತರಲು ಬೆಂಗಳೂರಿಗೆ ಹೋದೆ. ಅಂಗಡಿಯವರು "ಯಾವ ಎಂಜಿನ್ ಮೇಡಂ?" ಎಂದು ಕೇಳಿದರು. "ಯುದ್ಧದ್ದು" ಎಂದೆ, ಸ್ವಲ್ಪ ಜಂಬದಿಂದಲೇ. ಮನೆಗೆ ತಂದು ಇಟ್ಟು ನೋಡಿದರೆ ಒಂದು ತೂತಿಗೂ ಒಂದು ಬೋಲ್ಟಿಗೂ ತಾಳೆ ಇಲ್ಲ. ಹೋಗಿ ಬಂದ ಬಸ್ ಚಾರ್ಜು, ಒಂದು ದಿನ, ಎರಡೂ ದಂಡ.

ಹಾಗಾಗಿ ಜೀಪು ಮಾಡಿದ ವಿಲ್ಲಿಸ್ ಕಂಪನಿಯ ಕಥೆ ಸ್ವಲ್ಪ ತಿಳಿದುಕೊಂಡೇ ಪಾರ್ಟ್ ತರಲು ಹೊರಡಿ. ಸುಮ್ನೆ ಹೇಳ್ತಿಲ್ಲ.

ಜಾನ್ ನಾರ್ತ್ ವಿಲ್ಲಿಸ್ ಅಂತ ಒಬ್ಬರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಎಂಬ ಊರಿನಲ್ಲಿ ಮೊದಲು ಸೈಕಲ್, ಆಮೇಲೆ ಕಾರು ಮಾರುತ್ತಿದ್ದರು. ಓವರ್‌ಲ್ಯಾಂಡ್ ಎಂಬ ಸಣ್ಣ ಕಂಪನಿಗೆ 500 ಕಾರಿಗೆ ಆರ್ಡರ್ ಕೊಟ್ಟು 10,000 ಡಾಲರ್ ಮುಂಗಡ ಕಟ್ಟಿದ್ದರು. 1907ರಲ್ಲಿ ಅಲ್ಲಿ ಬ್ಯಾಂಕುಗಳೇ ಮುಳುಗುವ ಹಾಗಾಯಿತು. ಕಾರು ಬರಲಿಲ್ಲ. ಇವರು ರೈಲು ಹತ್ತಿ ಇಂಡಿಯಾನಾಪೊಲಿಸ್‌ಗೆ ಹೋಗಿ ನೋಡಿದರೆ ಕಂಪನಿಗೆ ಬೀಗ ಹಾಕುವ ಸ್ಥಿತಿ. ಕೆಲಸದವರ ಸಂಬಳಕ್ಕೆ 350 ಡಾಲರ್ ಕಡಿಮೆ ಬಿದ್ದಿತ್ತು. ವಿಲ್ಲಿಸ್ ತಾವು ಇಳಿದುಕೊಂಡ ಹೋಟೆಲಿನ ಗುಮಾಸ್ತನನ್ನು ಕಾಡಿ ಬೇಡಿ, ಅಷ್ಟು ನಗದು ಹೊಂದಿಸಿಕೊಂಡು ಸಂಬಳ ಕೊಡಿಸಿದರು. ಕಂಪನಿ ಉಳಿಯಿತು, ಸ್ವಲ್ಪ ದಿನದಲ್ಲಿ ಅವರ ಕೈಗೇ ಬಂತು.

ತೋಟ ನಡೆಸುವವರು ಇದನ್ನು ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅಲ್ವಾ? ನಾಳೆ ಬೆಳಗ್ಗೆ ಬಟವಾಡೆ, ಇವತ್ತು ಸಂಜೆ ಬ್ಯಾಂಕಿನಲ್ಲಿ ದುಡ್ಡಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿ ಪುಸ್ತಕ ಹಿಡಿದು ಜಗಲಿಯಲ್ಲಿ ಕೂತಿದ್ದಾನೆ. ನಾನು ಸೊಸೈಟಿಯವರಿಗೆ ಫೋನ್ ಮಾಡಿ, ಆಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಕೊನೆಗೆ ದಿನಸಿ ಅಂಗಡಿಯವರ ಹತ್ತಿರ ಕೈಸಾಲ ತಂದಿದ್ದೇನೆ. ವಿಲ್ಲಿಸ್ ಮೇಲೆ ನನಗೆ ಮರ್ಯಾದೆ ಬಂದಿದ್ದು ಅಲ್ಲೇ.

1909ರಲ್ಲಿ ಅವರು ಒಹಾಯೊ ರಾಜ್ಯದ ಟೊಲೀಡೊದಲ್ಲಿ ದೊಡ್ಡ ಕಾರ್ಖಾನೆ ಕೊಂಡರು. 1912ರಿಂದ ಹೆಸರು ವಿಲ್ಲಿಸ್-ಓವರ್‌ಲ್ಯಾಂಡ್. 1918ರವರೆಗೂ ಅಮೆರಿಕದಲ್ಲಿ ಇವರಿಗಿಂತ ಜಾಸ್ತಿ ಕಾರು ಮಾಡುತ್ತಿದ್ದವರು ಫೋರ್ಡ್ ಒಬ್ಬರೇ. ಆಮೇಲೆ ಶುರುವಾಯಿತು ಸಾಲದ ಕಾಟ. ಕಂಡದ್ದನ್ನೆಲ್ಲ ಕೊಂಡರು, ಹೊಸ ಕಾರ್ಖಾನೆ ಕಟ್ಟಲು ಹೊರಟರು, 1919ರಲ್ಲಿ ಟೊಲೀಡೊದಲ್ಲಿ ದೊಡ್ಡ ಮುಷ್ಕರವೂ ಆಯಿತು. ಸಾಲ ಕೊಟ್ಟ ಬ್ಯಾಂಕಿನವರು ವಾಲ್ಟರ್ ಕ್ರೈಸ್ಲರ್ ಎಂಬುವರನ್ನು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳಕ್ಕೆ ತಂದು ಕೂರಿಸಿದರು. ಬಂದವರು ವಿಲ್ಲಿಸ್ ಅವರ ಸಂಬಳವನ್ನೇ ಅರ್ಧಕ್ಕೆ ಇಳಿಸಿದರು. ಆಮೇಲೆ ಅಲ್ಲಿಂದ ಹೊರಟು ತಮ್ಮದೇ ಹೆಸರಿನ ಕಂಪನಿ ಕಟ್ಟಿದರು, ಅದು ಬೇರೆ ಕಥೆ. 1926ರಲ್ಲಿ ವಿಪ್ಪೆಟ್ ಎಂಬ ಪುಟ್ಟ ಕಾರು ಬಂತು, ಚೆನ್ನಾಗಿಯೇ ಮಾರಿತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ. 1933ಕ್ಕೆ ಕಂಪನಿ ದಿವಾಳಿ. 1935ರಲ್ಲಿ ವಿಲ್ಲಿಸ್ ತೀರಿಕೊಂಡರು. ಜೀಪನ್ನು ಅವರು ಕಣ್ಣಿನಿಂದಲೂ ನೋಡಲಿಲ್ಲ.

ನಿಮ್ಮ ಶೆಡ್ಡಿಗೆ ಸಂಬಂಧಪಟ್ಟಿದ್ದು ಇಲ್ಲಿಂದ ಮುಂದೆ. ಆ ವಿಪ್ಪೆಟ್ ಕಾರಿನ ಎಂಜಿನ್ನನ್ನೇ ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ತೀಡಿ 48 ಕುದುರೆ ಶಕ್ತಿಯಿಂದ 60ಕ್ಕೆ ಏರಿಸಿದರು. ಅದಕ್ಕೆ ಗೋ ಡೆವಿಲ್ ಅಂತ ಹೆಸರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1940ರಲ್ಲಿ ಅಮೆರಿಕದ ಸೈನ್ಯ ಒಂದು ಸಣ್ಣ ಗಾಡಿ ಬೇಕು ಅಂದಾಗ ಮೊದಲು ಮಾಡಿ ತೋರಿಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಆದರೆ ಎಂಜಿನ್ ಬಲ ವಿಲ್ಲಿಸ್‌ನದ್ದೇ ಜಾಸ್ತಿ. ದೊಡ್ಡ ಆರ್ಡರ್ ಇವರಿಗೇ ಹೋಯಿತು. ಫೋರ್ಡಿನವರೂ ವಿಲ್ಲಿಸ್ ನಕ್ಷೆ ಇಟ್ಟುಕೊಂಡೇ ಜೀಪು ಮಾಡಿದರು. ಬ್ಯಾಂಟಮ್‌ನವರಿಗೆ ಆಗಿದ್ದು ಅನ್ಯಾಯ ಅಂತಲೇ ನನ್ನ ಲೆಕ್ಕ.

ಈಗ ಜೀಪಿನ ಮುಂದೆ ನಿಂತು ಗ್ರಿಲ್ಲಿನ ಕಿಂಡಿ ಎಣಿಸಿ. ಒಂಬತ್ತು ಕಿಂಡಿ ಇದ್ದು, ಹೆಡ್‌ಲೈಟು ಗ್ರಿಲ್ಲಿನ ಒಳಗೆ ಹುದುಗಿಕೊಂಡಿದ್ದರೆ ಅದು ಯುದ್ಧದ ಕಾಲದ್ದು. ಆ ಲೈಟನ್ನು ಎತ್ತಿ ಹಿಂದಕ್ಕೆ ತಿರುಗಿಸಬಹುದು, ರಾತ್ರಿ ಎಂಜಿನ್ ರಿಪೇರಿಗೆ ಅದೇ ದೀಪ. ಚಾಸಿಯ (ಗಾಡಿಯ ಅಡಿ ಚೌಕಟ್ಟು) ಮುಂದಿನ ಅಡ್ಡಪಟ್ಟಿ ಕೊಳವೆಯ ಹಾಗೆ ದುಂಡಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ದೋಣಿಯ ಹಾಗಿದ್ದರೆ ಫೋರ್ಡ್. ಏಳು ಕಿಂಡಿ, ದೊಡ್ಡ ಹೆಡ್‌ಲೈಟು, ಹಿಂದೆ ಬಾಗಿಲು ಇದ್ದರೆ 1945ರ ನಂತರದ್ದು, ಸೈನ್ಯದ್ದಲ್ಲ. ಏಳು ಕಿಂಡಿ ಇದ್ದೂ ಬಾನೆಟ್ ಎತ್ತರವಾಗಿ ಹುಬ್ಬಿಕೊಂಡಿದ್ದರೆ ಅದು ಸಿಜೆ-3ಬಿ. 1953ರಲ್ಲಿ ಬಂದ ಮಾದರಿ. ಹೊಸ ಹರಿಕೇನ್ ಎಂಜಿನ್ನಿನಲ್ಲಿ ಕೆಲವು ವಾಲ್ವ್ (ಕವಾಟ) ಹೆಡ್ಡಿನ ಮೇಲೆ ಬಂದವು, ಎಂಜಿನ್ ಎತ್ತರವಾಯಿತು, ಹಳೇ ಬಾನೆಟ್ ಮುಚ್ಚಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು.

ನಮ್ಮದು ಈ ಹುಬ್ಬು ಬಾನೆಟ್ಟಿನದ್ದು. ಅಪ್ಪಯ್ಯನ ಯುದ್ಧ ಯಾವುದೋ ಗೊತ್ತಿಲ್ಲ!

ಬಾನೆಟ್ ಎತ್ತಿಯೂ ಖಾತ್ರಿ ಮಾಡಿಕೊಳ್ಳಿ. ಹೆಡ್ಡು ರೊಟ್ಟಿ ಹಂಚಿನ ಹಾಗೆ ಚಪ್ಪಟೆಯಾಗಿದ್ದು ಪ್ಲಗ್ಗುಗಳು ನೆಟ್ಟಗೆ ನಿಂತಿದ್ದರೆ ಗೋ ಡೆವಿಲ್. ಹೆಡ್ಡಿನ ಮೇಲೆ ಟ್ಯಾಪೆಟ್ ಕವರ್, ಅಂದರೆ ವಾಲ್ವ್ ಮುಚ್ಚುವ ಡಬ್ಬಿಯಂಥದ್ದು, ಕೂತಿದ್ದರೆ ಹರಿಕೇನ್. ಎರಡರ ಗ್ಯಾಸ್ಕೆಟ್ ಬೇರೆ ಬೇರೆ. ಎಂಜಿನ್ನಿನ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ.

1953ರಲ್ಲೇ ಕೈಸರ್ ಕಂಪನಿ ವಿಲ್ಲಿಸ್ಸನ್ನು ಕೊಂಡುಕೊಂಡಿತು. 1955ಕ್ಕೆ ಅಮೆರಿಕದಲ್ಲಿ ವಿಲ್ಲಿಸ್ ಕಾರು ಮಾಡುವುದು ನಿಂತಿತು, 1963ರಲ್ಲಿ ಕಂಪನಿಯ ಬೋರ್ಡಿನಿಂದ ಹೆಸರೂ ಹೋಯಿತು. ಆದರೆ ನಮ್ಮ ಮಹೀಂದ್ರದವರು ಸ್ವಾತಂತ್ರ್ಯ ಬಂದ ಕಾಲದಲ್ಲೇ ವಿಲ್ಲಿಸ್ ಜೀಪು ತಂದು ಜೋಡಿಸಲು ಶುರು ಮಾಡಿದ್ದರು. ಹುಬ್ಬು ಬಾನೆಟ್ಟಿನದನ್ನು ಎಷ್ಟೋ ವರ್ಷ ಇಲ್ಲೇ ಮಾಡಿದರು. ಟೊಲೀಡೊದಲ್ಲಿ ಮುಗಿದು ಹೋದ ಗಾಡಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಪಾರ್ಟ್ ಹುಡುಕಬಹುದು ಅಂದರೆ ಅದಕ್ಕೇ. ಒಂಬತ್ತು ಕಿಂಡಿಯದ್ದಾದರೆ ಹುಡುಕಾಟ ಜಾಸ್ತಿ, ದುಡ್ಡೂ ಜಾಸ್ತಿ.

ಎಬ್ಬಿಸುವ ಕೆಲಸ

ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಳಗೆ ಪಿಸ್ಟನ್ ರಿಂಗು ತುಕ್ಕಿಗೆ ಅಂಟಿಕೊಂಡಿದ್ದರೆ ಮುರಿದೇ ಹೋಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಎರಡೆರಡು ಚಮಚ ಡೀಸೆಲ್ ಬೆರೆಸಿದ ತೆಳು ಎಂಜಿನ್ ಆಯಿಲ್ ಬಿಟ್ಟು, ಬಟ್ಟೆ ತುರುಕಿ, ಮೂರು ದಿನ ಮರೆತುಬಿಡಿ. ನಾವು ಐದು ದಿನ ಬಿಟ್ಟೆವು. ಆಮೇಲೆ ಪ್ಲಗ್ ಹಾಕದೆಯೇ ಮುಂದಿನಿಂದ ಹ್ಯಾಂಡಲ್ ಕೊಟ್ಟು ನಿಧಾನವಾಗಿ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ ಬಿಡಿ.

ಹಳೇ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತದೆ. ಅದನ್ನು ಪೂರ್ತಿ ಇಳಿಸಿ. ಟ್ಯಾಂಕ್ ಬಿಚ್ಚಿ, ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ ತೊಳೆದರೆ ಒಳಗಿನ ತುಕ್ಕು ಬಿಡುತ್ತದೆ. ಜಲ್ಲಿ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ರೇಡಿಯೇಟರ್ ಫ್ಲಶ್ ಮಾಡುವುದು ಯಾವ ಮೆಕ್ಯಾನಿಕ್ಕಾದರೂ ಮಾಡಿಕೊಡುತ್ತಾರೆ. ಕಿಡಿ ಬರದಿದ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿ) ಒಳಗಿನ ಪಾಯಿಂಟ್, ಅಂದರೆ ಕೂಡಿ ಬಿಡುವ ಎರಡು ಲೋಹದ ತುದಿ, ನೋಡಿ. ನಯವಾದ ಮರಳು ಕಾಗದದಲ್ಲಿ ಉಜ್ಜಿ, ಸಂದು ಒಂದು ಇಂಚಿನ ಸಾವಿರದಲ್ಲಿ 20 ಭಾಗಕ್ಕೆ ಇಡಿ. ಪ್ಲಗ್ಗಿನ ಸಂದು 30. ಪ್ಲಗ್ಗುಗಳ ತಂತಿ ಜೋಡಿಸುವ ಕ್ರಮ 1-3-4-2. ನಾನು ಇದನ್ನು ಶೆಡ್ಡಿನ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿದ್ದೇನೆ.

ಹ್ಯಾಂಡಲ್ ಹೊಡೆಯುವುದನ್ನು ಮೇಸ್ತ್ರಿ ನನಗೆ ಅರ್ಧ ಗಂಟೆ ಕಲಿಸಿದರು. ನಾನು ಬಾವಿ ಹಗ್ಗ ಹಿಡಿದ ಹಾಗೆ ಮುಷ್ಟಿ ಕಟ್ಟಿ ಹಿಡಿದಿದ್ದೆ.

"ಹೆಬ್ಬೆಟ್ಟು ತೆಗೀರಿ ಅಕ್ಕಾ."

"ಯಾಕೆ, ಜಾರಲ್ವಾ?"

"ಜಾರಲಿ. ಎಂಜಿನ್ ಹಿಂದಕ್ಕೆ ಒದ್ದರೆ ಜಾರ್ಬೇಕು. ಇಲ್ಲಾಂದ್ರೆ ಬೆರಳು ಅದರ ಜೊತೆ ಹೋಗುತ್ತೆ." ತಮ್ಮ ಬಲಗೈ ಚಾಚಿ ತೋರಿಸಿದರು. ಮಣಿಕಟ್ಟಿನ ಹತ್ತಿರ ಮೂಳೆ ಸೊಟ್ಟ ಕೂಡಿಕೊಂಡಿತ್ತು.

ಹೆಬ್ಬೆಟ್ಟು ಉಳಿದ ನಾಲ್ಕು ಬೆರಳಿನ ಕಡೆಗೇ ಇರಲಿ. ಹ್ಯಾಂಡಲ್ ಕೆಳಗಿರುವಾಗ ಕಚ್ಚಿಸಿ ಮೇಲಕ್ಕೆ ಎಳೆಯಿರಿ, ಮೇಲಿಂದ ಕೆಳಕ್ಕೆ ತುಳಿಯಬೇಡಿ. ಗೇರು ನ್ಯೂಟ್ರಲ್ಲಿಗೆ ಬಂದಿದೆಯೇ ಅಂತ ಎರಡು ಸಲ ನೋಡಿ. ನಮ್ಮದು ಹದಿಮೂರನೇ ಎಳೆತಕ್ಕೆ ಒಮ್ಮೆ ಕೆಮ್ಮಿತು, ಇಪ್ಪತ್ತಕ್ಕೆ ಹಿಡಿಯಿತು. ಶೆಡ್ ತುಂಬ ಬಿಳಿ ಹೊಗೆ, ಸೈಲೆನ್ಸರ್‌ನಿಂದ ಒಣಗಿದ ಜೇಡರ ಗೂಡು ಹಾರಿ ಬಂತು. ಅಮ್ಮ ಒಳಗಿಂದ "ಯಾರು ಬಂದ್ರೇ?" ಅಂತ ಕೂಗಿದರು.

ಖುಷಿಯಲ್ಲಿ ಗೇರ್ ಹಾಕಿಬಿಡಬೇಡಿ. ಇದರಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಹೋಯ್ತು. ಮಾಸ್ಟರ್ ಸಿಲಿಂಡರಿನ ಮತ್ತು ವೀಲ್ ಸಿಲಿಂಡರುಗಳ ರಬ್ಬರ್ ಎಲ್ಲವನ್ನೂ ಬದಲಾಯಿಸಿ, ನೋಡಲು ಚೆನ್ನಾಗಿ ಕಂಡರೂ ಸರಿ. ಹೊಸ ಬ್ರೇಕ್ ಆಯಿಲ್ ತುಂಬಿ ಲೈನಿನೊಳಗಿನ ಗಾಳಿ ತೆಗೆಸಿ. ಮೊದಲ ಓಡಾಟ ಕಾಫಿ ಕಣದಲ್ಲೇ ಆಗಲಿ, ಸಮತಟ್ಟಾಗಿರುತ್ತದೆ. ಫೋರ್ ವೀಲ್ ಲಿವರ್ ಕೆಸರಿಗೆ ಮಾತ್ರ, ಟಾರು ರಸ್ತೆಯಲ್ಲಿ ಹಾಕಬೇಡಿ.

ಕಾಗದದ ವಿಚಾರ: 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಾಯಿಸಬಹುದು. ಆದರೆ ಹಾಗೆ ಮಾಡಿಸಿದರೆ ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಸಂತೆಗೆ, ಗೊಬ್ಬರ ತರಲು ಬೇಕು ಅನ್ನುವವರು ಯೋಚಿಸಿ.

ಮತ್ತೆ ನಿಲ್ಲಿಸುವಾಗ ಬ್ಯಾಟರಿ ವೈರ್ ಕಳಚಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದನ್ನು ತೆಗೆಯಬೇಕೆಂದು ನೆನಪಾಗಲು ಸ್ಟೀರಿಂಗಿಗೆ ಒಂದು ಕೆಂಪು ದಾರ ಕಟ್ಟಿ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ. ಬಡಿಯುವ ಕೋಲು ಬಾಗಿಲ ಹಿಂದೆಯೇ ಇರಲಿ.